ಆದೇಶದ ಜೊತೆ ಉದ್ದೇಶವೂ ತಲುಪಲಿ

ಎಂಬತ್ತರ ದಶಕದ ಒಂದು ಬರಗಾಲ. ಉಪವಿಭಾಗಾಧಿಕಾರಿಯಾಗಿದ್ದ ನಾನು ತಹಶೀಲ್ದಾರರಿಗೆಲ್ಲ ‘ತಕ್ಷಣ ಮೇವು ದಾಸ್ತಾನು ಮಾಡಿ’ ಎಂದು ವೈರ್‌ಲೆಸ್ ಸಂದೇಶ ಕಳುಹಿಸಿ ನಿಶ್ಚಿಂತನಾದೆ. ವಾರದ ನಂತರ ಹೋಗಿ ನೋಡಿದರೆ, ಒಂದು ತಾಲ್ಲೂಕು ಕೇಂದ್ರದಲ್ಲಿ ಬಣವೆಗಳು ಸಾಲಾಗಿ ನಿಂತಿದ್ದವು. ದನಗಳು ಮೂವತ್ತು ಕಿಲೋಮೀಟರ್ ದೂರದ ಹಳ್ಳಿಗಳಲ್ಲಿ ಹಸಿದಿದ್ದವು. ತಹಶೀಲ್ದಾರರು ಆದೇಶವನ್ನು ಅಕ್ಷರಶಃ ಪಾಲಿಸಿದ್ದರು. ತಪ್ಪು ನನ್ನದು. ಏನು ಮಾಡಬೇಕೆಂದು ಹೇಳಿದ್ದೆ, ಏತಕ್ಕೆಂದು ಹೇಳಿರಲಿಲ್ಲ.

ಪರದೆಯ ಮೂಲಕವೇ ದುಡಿಯುವ ‘ವರ್ಚುವಲ್ ತಂಡ’ಗಳ ಬಗೆಗಿನ ಇಂದಿನ ಚರ್ಚೆಯಲ್ಲಿ ತಂತ್ರಜ್ಞಾನದ ಮಾತೇ ಹೆಚ್ಚು. ಆದರೆ ಕಣ್ಣೆದುರಿಗಿಲ್ಲದವರನ್ನು ಮುನ್ನಡೆಸುವ ಸಮಸ್ಯೆ ಹಳೆಯದು. ಸೈನ್ಯಗಳು ಅದರ ಪಾಠವನ್ನು ರಕ್ತ ತೆತ್ತು ಕಲಿತಿವೆ.

1854ರ ಅಕ್ಟೋಬರ್ 25. ಕ್ರಿಮಿಯಾ ಯುದ್ಧದ ಬಾಲಾಕ್ಲಾವಾ ಕಣ. ಬ್ರಿಟಿಷ್ ಸೇನಾಪತಿ ಲಾರ್ಡ್ ರಾಗ್ಲನ್ ಎತ್ತರದ ಗುಡ್ಡದ ಮೇಲಿದ್ದರು. ಶತ್ರುಗಳು ಫಿರಂಗಿ ಸಾಗಿಸುವುದನ್ನು ತಡೆಯಿರಿ ಎಂದು ಚೀಟಿ ಕಳುಹಿಸಿದರು. ಅವರಿಗೆ ಕಾಣುತ್ತಿದ್ದ ಫಿರಂಗಿಗಳು ಕಣಿವೆಯಲ್ಲಿದ್ದ ಅಶ್ವದಳಾಧಿಪತಿ ಲಾರ್ಡ್ ಲೂಕನ್‌ಗೆ ಕಾಣುತ್ತಿರಲಿಲ್ಲ. ‘ಯಾವ ಫಿರಂಗಿ?’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಲಿಲ್ಲ. ಸುಮಾರು 670 ಸವಾರರು ಕಣಿವೆಯ ತುದಿಯಲ್ಲಿದ್ದ ಬೇರೆಯೇ ಫಿರಂಗಿಗಳತ್ತ ನುಗ್ಗಿದರು. ನೂರಕ್ಕೂ ಹೆಚ್ಚು ಮಂದಿ ಮಡಿದರು. ಸಂದೇಶವೇನೋ ತಲುಪಿತ್ತು, ಅರ್ಥ ತಲುಪಿರಲಿಲ್ಲ.

ಒಂದೂವರೆ ಶತಮಾನದ ನಂತರ ಇರಾಕ್‌ನಲ್ಲಿ ಅಮೆರಿಕದ ವಿಶೇಷ ಪಡೆಗಳ ಮುಖ್ಯಸ್ಥ ಜನರಲ್ ಸ್ಟ್ಯಾನ್ಲಿ ಮೆಕ್‌ಕ್ರಿಸ್ಟಲ್ ಬೇರೆ ಹಾದಿ ಹಿಡಿದರು. ಹಲವು ದೇಶಗಳಲ್ಲಿ ಚದುರಿದ್ದ ತಮ್ಮವರನ್ನೂ ಗುಪ್ತಚರ ಸಂಸ್ಥೆಗಳನ್ನೂ ಪ್ರತಿದಿನ ವಿಡಿಯೊ ಸಭೆಯಲ್ಲಿ ಕೂಡಿಸಿದರು. ಮಾಹಿತಿಯನ್ನು ಎಲ್ಲರಿಗೂ ತೆರೆದರು, ನಿರ್ಧಾರದ ಅಧಿಕಾರವನ್ನು ಕೆಳಗಿನವರಿಗೆ ಬಿಟ್ಟುಕೊಟ್ಟರು. ವರದಿ ನೀಡುವ ಕಿರಿಯ ವಿಶ್ಲೇಷಕರನ್ನೂ ಹೆಸರಿಡಿದು ಮಾತನಾಡಿಸುತ್ತಿದ್ದರು. ಮಾಹಿತಿ ಹಂಚಿದರೆ ಸೋರುವ ಅಪಾಯವಿದೆ, ನಿಜ. ಬಚ್ಚಿಟ್ಟರೆ ಆಗುವ ಹಾನಿ ಅದಕ್ಕಿಂತ ದೊಡ್ಡದೆಂಬುದು ಅವರ ಲೆಕ್ಕಾಚಾರವಾಗಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಓದಿದ ಹಯೆಕ್‌ನ 1945ರ ಪ್ರಬಂಧದ ತಿರುಳೂ ಇದೇ: ಸ್ಥಳೀಯ ಜ್ಞಾನ ಅನೇಕರಲ್ಲಿ ಹಂಚಿಹೋಗಿರುತ್ತದೆ, ಕೇಂದ್ರದಲ್ಲಿ ಕುಳಿತವನಿಗೆ ಅದೆಲ್ಲವೂ ಎಂದೂ ದಕ್ಕುವುದಿಲ್ಲ.

ಉದ್ಯಮಗಳಿಗೆ ಈ ಪಾಠ ಬೇಕಾಗಿದೆ. 2020ರ ಮಾರ್ಚ್‌ನ ಲಾಕ್‌ಡೌನ್ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳನ್ನು ತಂತಮ್ಮ ಮನೆಗಳಿಗೆ ಚದುರಿಸಿತು. ಕೆಲವು ವ್ಯವಸ್ಥಾಪಕರು ಮೌಸ್ ಅಲುಗಾಡುತ್ತಿದೆಯೇ ಎಂದು ಎಣಿಸಲು ಕುಳಿತರು. ಅದು ಹಾಜರಿ ಪುಸ್ತಕದ ಹೊಸ ಅವತಾರವಷ್ಟೆ. ಇದಕ್ಕೆ ವಿರುದ್ಧವಾಗಿ, ಎಲ್ಲರೂ ದೂರದಿಂದಲೇ ದುಡಿಯುವ ಗಿಟ್‌ಲ್ಯಾಬ್ ಕಂಪನಿ ತನ್ನ ಕಾರ್ಯವಿಧಾನವನ್ನು ವಿವರವಾದ ಕೈಪಿಡಿಯಾಗಿ ಬರೆದು, ಬಹುಪಾಲನ್ನು ಸಾರ್ವಜನಿಕರಿಗೂ ತೆರೆದಿಟ್ಟಿದೆ. ಯಾವ ಊರಿನಲ್ಲಿದ್ದರೂ ಯಾವ ಹೊತ್ತಿನಲ್ಲಾದರೂ ನೌಕರ ಅದನ್ನು ತೆರೆದು ನೋಡಬಹುದು.

ನಮ್ಮ ಸರ್ಕಾರಿ ವಿಡಿಯೊ ಸಂವಾದಗಳಲ್ಲಿ ನಾನು ಎರಡೂ ಬದಿಯಲ್ಲಿ ಕುಳಿತಿದ್ದೇನೆ. ‘ಅರ್ಥವಾಯಿತೇ?’ ಎಂದರೆ ‘ಆಯಿತು ಸರ್’ ಎಂಬ ಉತ್ತರ ಸಾಲಾಗಿ ಬರುತ್ತದೆ. ‘ನಿಮಗೆ ಅಲ್ಲಿ ಏನು ಕಾಣುತ್ತಿದೆ?’ ಎಂದು ಕೇಳಿದ ದಿನ ಮಾತ್ರ ಸಭೆಗೆ ಜೀವ ಬರುತ್ತಿತ್ತು. ಆ ಬರಗಾಲದಲ್ಲಿ ನಾನು ಇದೊಂದನ್ನು ಕೇಳಿದ್ದರೆ, ಮೇವು ಹಸಿದ ದನಗಳ ಬಾಯಿಗೆ ತಲುಪುತ್ತಿತ್ತು.