ಹನ್ನೆರಡು ವೋಲ್ಟ್ ತಾನೇ?

‘ಹನ್ನೆರಡು ವೋಲ್ಟ್ ತಾನೇ, ಏನೂ ಆಗಲ್ಲ ಬಿಡೋ.’ ಕಾಲೇಜಿನ ಲ್ಯಾಬಿನಲ್ಲಾಗಲಿ, ಮನೆಯ ಮೇಜಿನ ಮೇಲಾಗಲಿ, ರೋಬೋಟ್ ಕಟ್ಟುವ ಹುಡುಗರ ಬಾಯಲ್ಲಿ ಸಲೀಸಾಗಿ ಬರುವ ಮಾತಿದು. ಅರ್ಧ ನಿಜ. ಮೂರು ಸೆಲ್ಲಿನ ಲಿಪೊ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಇರುವುದು 12.6 ವೋಲ್ಟ್. ಒಣಗಿದ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಭಯ ಪಡಬೇಕಾದದ್ದು ಶಾರ್ಟ್ ಸರ್ಕ್ಯೂಟಿಗೆ. ಬ್ಯಾಟರಿಯ ಒಳರೋಧ 0.03 ಓಮ್ ಎಂದಿಟ್ಟುಕೊಳ್ಳಿ. ಪ್ಲಸ್ಸು ಮೈನಸ್ಸು ನೇರವಾಗಿ ತಾಗಿದ ಕ್ಷಣ, ಲೆಕ್ಕದ ಪ್ರಕಾರ, 400 ಆಂಪಿಯರ್ ದಾಟಬೇಕು. ತಂತಿ, ಬೆಸುಗೆಗಳ ರೋಧ ಸೇರಿ ಅದರ ಕಾಲುಭಾಗಕ್ಕೆ ಇಳಿದರೂ, ಮನೆಯ ಗೇಟು ಬೆಸೆಯುವ ವೆಲ್ಡಿಂಗ್ ಮಷೀನಿನ ಮಟ್ಟ ಅದು. ಬೆರಳಿನ ಉಂಗುರ ಆ ದಾರಿಗೆ ಅಡ್ಡ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಈ ಮಾತು ಮೊದಲೇ ಹೇಳಲು ಕಾರಣವಿದೆ. ಬ್ಯಾಟರಿಯ ಕನೆಕ್ಟರ್ ಬದಲಿಸುವಾಗ ಆಗುವ ಕೆಟ್ಟ ಅನಾಹುತ ಒಂದೇ ಕತ್ತರಿಯ ಕೆಲಸ: ಹಳೆಯ ಕನೆಕ್ಟರಿನ ಎರಡೂ ತಂತಿಯನ್ನು ಒಟ್ಟಿಗೆ ಕಟ್ಟರಿನ ಬಾಯಿಗೆ ಕೊಡುವುದು. ಕಟ್ಟರಿನ ಲೋಹವೇ ಪ್ಲಸ್ಸಿಗೂ ಮೈನಸ್ಸಿಗೂ ಸೇತುವೆಯಾಗುತ್ತದೆ. ‘ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಕೊಂಡರೆ ಭಯವಿಲ್ಲ’ ಎನ್ನುವವರೂ ಇದ್ದಾರೆ. ಲಿಪೊ ಸೆಲ್ಲನ್ನು 3 ವೋಲ್ಟಿಗಿಂತ ಕೆಳಕ್ಕೆ ಇಳಿಸಿದರೆ ಸೆಲ್ಲೇ ಹಾಳಾಗುತ್ತದೆ. ಹಾಗಾಗಿ ಸೆಲ್ಲಿಗೆ ಸುಮಾರು 3.8 ವೋಲ್ಟಿನಲ್ಲಿಟ್ಟು ಕೆಲಸ ಮಾಡಿ, ಅಷ್ಟರಲ್ಲೂ ಶಾರ್ಟ್ ಆಗಲು ಬೇಕಾದಷ್ಟು ಶಕ್ತಿಯಿದೆ ಎಂಬುದನ್ನು ನೆನಪಿಡಿ. ಒಂದು ತಂತಿ ಕತ್ತರಿಸಿ, ಅದನ್ನು ಹೊಸ ಕನೆಕ್ಟರಿಗೆ ಬೆಸೆದು, ಹೀಟ್ ಶ್ರಿಂಕ್ ತೊಡಿಸಿ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಆ ಇನ್ನೊಂದರ ತುದಿ ಅಲ್ಲಿಯವರೆಗೆ ಟೇಪಿನೊಳಗಿರಲಿ. ಹೀಟ್ ಶ್ರಿಂಕ್ ತುಂಡನ್ನು ಬೆಸೆಯುವ ಮೊದಲೇ ತಂತಿಗೆ ಏರಿಸಿಕೊಳ್ಳಿ. ಮರೆತರೆ ಬೆಸುಗೆ ಬಿಚ್ಚಬೇಕು, ಆಗ ಬರುವ ಸಿಟ್ಟು ಬೇರೆ.

‘ದೊಡ್ಡ ಕನೆಕ್ಟರ್ ಹಾಕಿದರೆ ಹೆಚ್ಚು ಕರೆಂಟ್ ಹೋಗಿ ಮೋಟಾರು ಸುಡುತ್ತದೆ’ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ, ಆದರೆ ಗಟ್ಟಿಯಾಗಿ ಬೇರೂರಿದೆ. ಎಷ್ಟು ಕರೆಂಟ್ ಬೇಕೆಂದು ತೀರ್ಮಾನಿಸುವುದು ಮೋಟಾರು ಮತ್ತು ಅದರ ಮೇಲಿನ ಹೊರೆ. ಕನೆಕ್ಟರ್ ಅದನ್ನು ಸಾಗಿಸುತ್ತದೆ, ಇಲ್ಲವೇ ಸಾಗಿಸಲಾರದೆ ಬಿಸಿಯಾಗುತ್ತದೆ. ಬಿಸಿಯ ಲೆಕ್ಕ ಸುಲಭ: ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿ. 20 ಆಂಪಿಯರ್ ಹರಿಯುವಲ್ಲಿ, ತುಕ್ಕು ಹಿಡಿದು ಸಡಿಲವಾದ ಸಂಪರ್ಕದ ರೋಧ 0.05 ಓಮ್ ಇದ್ದರೆ 20 ವಾಟ್ ಶಾಖ ಆ ಪುಟ್ಟ ಪ್ಲಾಸ್ಟಿಕ್ಕಿನೊಳಗೇ ಉಳಿಯುತ್ತದೆ. ಅಗ್ಗದ ಸೋಲ್ಡರಿಂಗ್ ಐರನ್ನಿನ ಶಕ್ತಿ 25 ವಾಟ್. ಕನೆಕ್ಟರ್ ಕರಗುವುದರಲ್ಲಿ ಆಶ್ಚರ್ಯವೇನಿದೆ?

ಹಾಗೆಂದು ಹೆಸರಿನಲ್ಲಿರುವ ಸಂಖ್ಯೆಯನ್ನೂ ಕಣ್ಮುಚ್ಚಿ ನಂಬಬೇಡಿ. ಹಳದಿ ಬಣ್ಣದ ಎಕ್ಸ್‌ಟಿ60 ಎಂದರೆ 60 ಆಂಪಿಯರ್ ಎಂದು ಎಲ್ಲರೂ ಹೇಳುತ್ತಾರೆ. ತಯಾರಕರಾದ ಅಮಾಸ್ ಕಂಪನಿ ಎಡೆಬಿಡದ ಬಳಕೆಗೆ ಹೇಳುವುದು 30. 60 ಇರುವುದು ಅಲ್ಪಕಾಲದ ಉಬ್ಬರಕ್ಕೆ. ಅದರ ತಮ್ಮ ಎಕ್ಸ್‌ಟಿ30ಗೆ ಇದು 15 ಮತ್ತು 30. ನಕಲಿ ಮಾಲಿಗೆ ಯಾವ ಅಂಕಿಯೂ ಇಲ್ಲ. ನನ್ನ ಆಯ್ಕೆ ಹೇಳುವುದಾದರೆ, ಗೆರೆ ಹಿಂಬಾಲಿಸುವ ಸಣ್ಣ ರೋಬೋಟಿಗೆ ಎಕ್ಸ್‌ಟಿ30, ಕಾದಾಡುವ ರೋಬೋಟಿಗೆ ಎಕ್ಸ್‌ಟಿ60 ಅಥವಾ ಅದಕ್ಕೂ ದೊಡ್ಡದು. ಅಡಾಪ್ಟರಿನ ಗುಂಡು ಪಿನ್ನಿನ ಡಿಸಿ ಜ್ಯಾಕನ್ನು ಮೋಟಾರಿನ ದಾರಿಯಲ್ಲಿ ನಾನಂತೂ ಇಡುವುದಿಲ್ಲ. ಬ್ಯಾಟರಿಯ ಸಣ್ಣ ಬಿಳಿ ಬ್ಯಾಲೆನ್ಸ್ ಪ್ಲಗ್ಗಿನಿಂದ ಮೋಟಾರು ಓಡಿಸುವುದೂ ಬೇಡ; ಅದು ಸುಮಾರು 3 ಆಂಪಿಯರಿನ ಜಾತಿ, ಚಾರ್ಜ್ ಮಾಡುವಾಗ ಸೆಲ್‌ಗಳನ್ನು ಸರಿದೂಗಿಸಲು ಇರುವಂಥದ್ದು.

‘ಒಳಗೆ ಕೂತಿತು ಎಂದರೆ ಸರಿ ಇದೆ’ ಎಂಬುದು ಇನ್ನೊಂದು ಭ್ರಮೆ. ಅಂಗಡಿಯಲ್ಲಿ ‘ಜೆಎಸ್‌ಟಿ ಕನೆಕ್ಟರ್ ಕೊಡಿ’ ಎಂದು ಕೇಳುವುದು ‘ಟಾಟಾ ಗಾಡಿ ಕೊಡಿ’ ಎಂದಂತೆ. ಜೆಎಸ್‌ಟಿ ಒಂದು ಜಪಾನಿ ಕಂಪನಿ. ಅದು ಮಾಡುವ ಪಿಎಚ್ ಮಾದರಿಯ ಪಿನ್ನುಗಳ ಅಂತರ 2 ಮಿ.ಮೀ., ಎಕ್ಸ್‌ಎಚ್‌ನದು 2.5. ಅಳತೆ ಹೊಂದಿದರೂ ಧ್ರುವ ಹೊಂದುವ ಖಾತರಿಯಿಲ್ಲ: ಎರಡು ಪಿನ್ನಿನ ಸಣ್ಣ ಬ್ಯಾಟರಿಗಳಲ್ಲಿ ಒಬ್ಬ ಮಾರಾಟಗಾರ ಪ್ಲಸ್ ಇಟ್ಟ ಕಡೆ ಇನ್ನೊಬ್ಬ ಮೈನಸ್ ಇಡುತ್ತಾನೆ. ಕೆಂಪು ತಂತಿ ಪ್ಲಸ್ ಎಂಬುದೂ ರೂಢಿ ಮಾತ್ರ. ತಿರುವುಮುರುವಾದರೆ ಮೋಟಾರ್ ಡ್ರೈವರ್ ಕ್ಷಣದಲ್ಲಿ ಹೋಗಬಹುದು, ಆದ್ದರಿಂದ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯ ಕಡೆಗೆ ಲೋಹ ಪ್ಲಾಸ್ಟಿಕ್ಕಿನೊಳಗೆ ಹುದುಗಿರುವ ಸಾಕೆಟ್ ಅರ್ಧವನ್ನೇ ಹಾಕಿ. ಬರಿಯ ಪಿನ್ನಿರುವ ಅರ್ಧ ರೋಬೋಟಿನ ಕಡೆಗಿರಲಿ. ಬ್ಯಾಗಿನಲ್ಲಿ ಕೀಲಿಕೈ ತಗುಲಿದರೂ ಆಗ ಶಾರ್ಟ್ ಆಗದು.

ಬೆಸುಗೆಯಲ್ಲೂ ಒಂದು ತಲೆಕೆಳಗಾದ ಜ್ಞಾನವಿದೆ. ಪ್ಲಾಸ್ಟಿಕ್ ಕರಗೀತೆಂದು ಚೂಪು ತುದಿಯ ಸಣ್ಣ ಐರನ್ನನ್ನೇ ಬಳಸುತ್ತಾರೆ. ದಪ್ಪ ತಂತಿ ಶಾಖವನ್ನೆಲ್ಲ ಹೀರಿ, ಬೆಸುಗೆ ಹತ್ತುವಷ್ಟರಲ್ಲಿ ಅರ್ಧ ನಿಮಿಷ ಕಳೆದು, ಪಿನ್ನು ಓರೆಯಾಗಿರುತ್ತದೆ. 60 ವಾಟಿನ, ಅಗಲ ತುದಿಯ ಐರನ್ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಸುತ್ತದೆ. ತಂತಿಗೂ ಪಿನ್ನಿಗೂ ಮೊದಲೇ ಬೆಸುಗೆ ಸವರಿಕೊಳ್ಳಿ. ಬೆಸೆಯುವಾಗ ಜೋಡಿಯ ಇನ್ನೊಂದು ಅರ್ಧವನ್ನು, ತಂತಿಯೇ ಇಲ್ಲದ ಬಿಡಿ ತುಂಡನ್ನು, ಸಿಕ್ಕಿಸಿಟ್ಟರೆ ಪಿನ್ನು ನೆಟ್ಟಗಿರುತ್ತದೆ.

ಚುಚ್ಚಿದಾಗ ‘ಚಟ್’ ಎಂದು ಕಿಡಿ ಹಾರಿದರೆ ಕನೆಕ್ಟರ್ ಕೆಟ್ಟಿದೆ ಎನ್ನಬೇಡಿ. ಖಾಲಿ ಕೆಪಾಸಿಟರುಗಳು ಒಮ್ಮೆಲೇ ತುಂಬಿಕೊಳ್ಳುವ ಸದ್ದದು. ಪ್ರತಿ ಸಲ ಜೋರಾಗಿ ಹಾರಿ ಸಂಪರ್ಕದ ಮೇಲೆ ಕಪ್ಪು ಕುಳಿ ಬೀಳುತ್ತಿದ್ದರೆ, ಕಿಡಿ ತಡೆಯುವ ರೋಧಕವನ್ನು ಒಳಗೇ ಇಟ್ಟುಕೊಂಡ ಎಕ್ಸ್‌ಟಿ90-ಎಸ್ ಸಿಗುತ್ತದೆ.

ಕರಗಿದ ಕನೆಕ್ಟರಿನ ಒಂದೇ ಅರ್ಧವನ್ನು ಬದಲಿಸಿ ದುಡ್ಡು ಉಳಿಸಿದೆ ಎಂದುಕೊಳ್ಳುವವರಿಗೆ ಕೊನೆಯ ಮಾತು. ಬಿಸಿಗೆ ಸಿಕ್ಕ ಹಳೆಯ ಅರ್ಧದ ಹಿಡಿತ ಸಡಿಲವಾಗಿರುತ್ತದೆ, ಹೊಸದನ್ನೂ ಅದು ಸುಡುತ್ತದೆ. ಎರಡನ್ನೂ ಬದಲಿಸಿ. ಬ್ಯಾಟರಿಯೇ ಉಬ್ಬಿದ್ದರೆ ಕನೆಕ್ಟರಿನ ಗೊಡವೆಗೇ ಹೋಗದೆ ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟುಬಿಡಿ.