ಹಳೆಯ ಲ್ಯಾಪ್‌ಟಾಪಿನ ಜೀರ್ಣೋದ್ಧಾರ

ಮನೆಯ ಇತರ ವೆಚ್ಚಗಳನ್ನು ಬಿಗಿಹಿಡಿದು, ಮಕ್ಕಳ ವ್ಯಾಸಂಗಕ್ಕೆಂದೋ ಕಚೇರಿಯ ಕೆಲಸಕ್ಕೆಂದೋ ಎಂಟು ಹತ್ತು ವರ್ಷಗಳ ಹಿಂದೆ ಕೊಂಡುತಂದ ಲ್ಯಾಪ್‌ಟಾಪು, ಈಗ ಗುಂಡಿಯನ್ನೊತ್ತಿ ಐದು ನಿಮಿಷ ಕಳೆದರೂ ಸಿದ್ಧವಾಗದೆ, ಒಂದು ಕಡತವನ್ನು ತೆರೆಯಹೋದರೆ ಹ್ಯಾಂಗ್ ಆಗಿ ನಿಂತುಬಿಡುವುದನ್ನು ಕಂಡಾಗ, ಇದರ ಆಯುಸ್ಸು ಮುಗಿಯಿತು, ಹೊಸದನ್ನು ಕೊಳ್ಳುವುದೊಂದೇ ದಾರಿ ಎಂದು ನಿಶ್ಚಯಿಸುವವರೇ ಬಹುಮಂದಿ. ಈ ನಿಶ್ಚಯವು ಅನೇಕ ಸಂದರ್ಭಗಳಲ್ಲಿ ಆತುರದ್ದೆಂದೂ, ಯಂತ್ರದ ಅಂಗಗಳೆಲ್ಲವೂ ಒಮ್ಮೆಗೇ ಜೀರ್ಣವಾಗುವುದಿಲ್ಲವೆಂದೂ, ಯಾವುದೊಂದು ಅಂಗವು ಮಿಕ್ಕವನ್ನೆಲ್ಲ ತಡೆದು ನಿಲ್ಲಿಸಿದೆಯೆಂಬುದನ್ನು ಅರಿತು ಅದಕ್ಕೆ ಮಾತ್ರ ಹಣ ವ್ಯಯಿಸುವುದೇ ಯುಕ್ತವೆಂದೂ ನನ್ನ ದೃಢವಾದ ಅಭಿಪ್ರಾಯ.

ಹಾಗೆ ಅರಿಯಲು ಒಂದು ಕಾಸನ್ನೂ ವೆಚ್ಚಮಾಡಬೇಕಾಗಿಲ್ಲ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಯಂತ್ರವು ತಡವರಿಸುತ್ತಿರುವ ಹೊತ್ತಿನಲ್ಲಿಯೇ ಅಲ್ಲಿನ ಶೇಕಡಾ ಅಂಕಿಗಳನ್ನು ನೋಡಿದರೆ, ಪ್ರೊಸೆಸರಿಗೆ ಹೆಚ್ಚಿನ ಕೆಲಸವಿಲ್ಲದಿರುವಾಗಲೂ ಡಿಸ್ಕ್ ಮಾತ್ರ ನೂರರ ಅಂಚಿನಲ್ಲಿ ನಿಂತಿರುವುದು ಹಳೆಯ ಲ್ಯಾಪ್‌ಟಾಪುಗಳಲ್ಲಿ ಸರ್ವೇಸಾಮಾನ್ಯ.

ಇದರ ಕಾರಣ ಹಾರ್ಡ್ ಡಿಸ್ಕಿನ ರಚನೆಯಲ್ಲಿಯೇ ಇದೆ. ಅದರೊಳಗೆ ಕಾಂತೀಯ ಲೇಪನವುಳ್ಳ ತಟ್ಟೆಗಳು, ಸಾಧಾರಣ ಲ್ಯಾಪ್‌ಟಾಪುಗಳಲ್ಲಿ, ನಿಮಿಷಕ್ಕೆ 5400 ಬಾರಿ ತಿರುಗುತ್ತವೆ. ಎಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿಯಿರುವ ಭಾಗವು ಸುತ್ತಿ ಬರುವವರೆಗೂ ಓದುವ ತೋಳು ಕಾದಿರಲೇಬೇಕು; ಮಾಹಿತಿಯು ನೂರು ಕಡೆ ಚದುರಿದ್ದರೆ ನೂರು ಬಾರಿ ಸರಿದು ನೂರು ಬಾರಿ ಕಾಯಬೇಕು. ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಕೂರಿಸಬಹುದಾದ ಎಸ್ಎಸ್‌ಡಿಯಲ್ಲಾದರೋ ತಿರುಗುವ ಭಾಗವೇ ಇಲ್ಲ. ಫ್ಲಾಶ್ ಚಿಪ್ಪುಗಳಲ್ಲಿ ವಿದ್ಯುದಾವೇಶದ ರೂಪದಲ್ಲಿ ನಿಂತ ಮಾಹಿತಿಯು ಒಂದು ಮಿಲಿಸೆಕೆಂಡಿನ ಅಲ್ಪಾಂಶದಲ್ಲಿ ಕೈಗೆ ಸಿಗುತ್ತದೆ. ಸಾಟಾ ಸಂಪರ್ಕದ ಎರಡೂವರೆ ಇಂಚಿನ ಎಸ್ಎಸ್‌ಡಿಯು ಸೆಕೆಂಡಿಗೆ 500 ಮೆಗಾಬೈಟಿನಷ್ಟು ಓದಬಲ್ಲುದು. ಹಳೆಯ ಹಾರ್ಡ್ ಡಿಸ್ಕು ಅತ್ಯಂತ ಅನುಕೂಲವಾದ ಸ್ಥಿತಿಯಲ್ಲಿಯೂ ನೂರರ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಆದುದರಿಂದ ಕೈಯಲ್ಲಿರುವ ಹಣವು ಒಂದೇ ಭಾಗಕ್ಕೆ ಸಾಲುವಂತಿದ್ದರೆ ಅದನ್ನು ಎಸ್ಎಸ್‌ಡಿಗೇ ಹಾಕತಕ್ಕದ್ದು. ಕಳಚಿದ ಹಾರ್ಡ್ ಡಿಸ್ಕೂ ವ್ಯರ್ಥವಾಗುವುದಿಲ್ಲ. ಅಲ್ಪ ಬೆಲೆಗೆ ಸಿಗುವ ಯುಎಸ್‌ಬಿ ಕೇಸಿನಲ್ಲಿ ಕೂರಿಸಿದರೆ ಫೋಟೋ, ಕಾಗದಪತ್ರಗಳ ಬ್ಯಾಕಪ್ಪಿಗೆ ಅದು ಒದಗುತ್ತದೆ.

ಮೆಮೊರಿ ಎರಡನೆಯದು. ನಾಲ್ಕು ಜಿಬಿ ರ‍್ಯಾಮಿನ ಯಂತ್ರದಲ್ಲಿ ಬ್ರೌಸರಿನ ಹತ್ತಾರು ಟ್ಯಾಬುಗಳನ್ನು ತೆರೆದಿಟ್ಟರೆ, ಅಲ್ಲಿ ಹಿಡಿಸಲಾರದ ಮಾಹಿತಿಯನ್ನು ವ್ಯವಸ್ಥೆಯು ಡಿಸ್ಕಿಗೆ ಸಾಗಿಸಿ ಮತ್ತೆ ಮತ್ತೆ ಹಿಂದಕ್ಕೆ ತರಬೇಕಾಗುವುದರಿಂದ ಎಲ್ಲವೂ ಮಂದವಾಗುತ್ತದೆ. ಎಂಟು ಜಿಬಿಗೆ ಏರಿಸಿದರೆ ಮನೆಯ ಕೆಲಸಕ್ಕೆ ಧಾರಾಳವಾಯಿತು. ಕೊಳ್ಳುವಾಗ ಜಾತಿಯನ್ನು ನೋಡಿ ಕೊಳ್ಳಬೇಕು. ಡಿಡಿಆರ್3 ಮತ್ತು ಡಿಡಿಆರ್4 ಪಟ್ಟಿಗಳ ಕೆಳಂಚಿನ ಕಚ್ಚು ಬೇರೆ ಬೇರೆ ಸ್ಥಾನದಲ್ಲಿರುವುದರಿಂದ ಒಂದು ಮತ್ತೊಂದರ ಸ್ಲಾಟಿನಲ್ಲಿ ಕೂರುವುದೇ ಇಲ್ಲ, ಆದರೆ 1.5 ವೋಲ್ಟಿನ ಡಿಡಿಆರ್3 ಮತ್ತು 1.35 ವೋಲ್ಟಿನ ಡಿಡಿಆರ್3ಎಲ್ ಹೊರನೋಟಕ್ಕೆ ಒಂದೇ ಬಗೆಯಾಗಿದ್ದು, ಎರಡನೆಯದನ್ನೇ ಬಯಸುವ ಯಂತ್ರದಲ್ಲಿ ಮೊದಲನೆಯದು ಕೆಲಸಮಾಡದಿರಬಹುದು. ಸರಿಯಾದ ಪಟ್ಟಿಯನ್ನು ಓರೆಯಾಗಿ ಸ್ಲಾಟಿಗೆ ಸೇರಿಸಿ ಮೆಲ್ಲನೆ ಕೆಳಗೊತ್ತಿದರೆ ಇಕ್ಕೆಲದ ಲೋಹದ ಕೊಂಡಿಗಳು ಟಕ್ಕೆಂದು ಹಿಡಿದುಕೊಳ್ಳುತ್ತವೆ. ಬಲವನ್ನು ಪ್ರಯೋಗಿಸಬೇಕಾಗಿ ಬಂದರೆ ಏನೋ ತಪ್ಪಿದೆಯೆಂದೇ ಅರ್ಥ.

ತಳದ ಮುಚ್ಚಳವನ್ನು ತೆಗೆದಾಗಲೇ ಫ್ಯಾನಿನ ಕಡೆಗೂ ದೃಷ್ಟಿ ಹಾಯಿಸುವುದು ಲೇಸು. ತಾಮ್ರದ ಕೊಳವೆಯ ತುದಿಯಲ್ಲಿರುವ ತೆಳುವಾದ ರೆಕ್ಕೆಗಳ ಸಾಲಿಗೆ ವರ್ಷಾನುಗಟ್ಟಲೆ ಧೂಳು ಅಡರಿ, ಕಂಬಳಿಯ ತುಂಡಿನಂತೆ ಒತ್ತಾಗಿ ನಿಂತು, ಬಿಸಿಗಾಳಿ ಹೊರಹೋಗದಂತೆ ಮಾಡಿರುತ್ತದೆ. ಬಿಸಿ ಮಿತಿಮೀರಿದಾಗ ಪ್ರೊಸೆಸರು ತನ್ನ ರಕ್ಷಣೆಗಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಧೂಳು ತೆಗೆದು ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿದ ಮಾತ್ರಕ್ಕೆ ಚೇತರಿಸಿಕೊಂಡ ಯಂತ್ರಗಳೂ ಉಂಟು. ಬ್ಯಾಟರಿಯು ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೊತ್ತುತ್ತಿದ್ದರೆ ಮಾತ್ರ ಮಿತವ್ಯಯದ ಮಾತನ್ನು ಬದಿಗಿಟ್ಟು ಒಡನೆಯೇ ಅದನ್ನು ಬದಲಿಸತಕ್ಕದ್ದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ, ಅದುಮಿದರೆ ಬೆಂಕಿ ಹತ್ತುವುದುಂಟು.

ಬೆಂಗಳೂರಿನವರಿಗೆ ಇವೆಲ್ಲವೂ ದೊರೆಯುವ ಸ್ಥಳ ಎಸ್.ಪಿ. ರಸ್ತೆ, ಎಂದರೆ ಸಾದರ ಪತ್ರಪ್ಪ ರಸ್ತೆ. ಮಾದರಿಯ ಸಂಖ್ಯೆಯನ್ನೂ ಹಳೆಯ ಭಾಗದ ಮೇಲಿನ ಚೀಟಿಯನ್ನೂ ಫೋಟೋ ತೆಗೆದುಕೊಂಡು ಹೋಗಿ, ನಾಲ್ಕು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ, ಜಿಎಸ್‌ಟಿ ಬಿಲ್ಲನ್ನೂ ವಾರಂಟಿಯನ್ನೂ ಕೇಳಿ ಪಡೆಯಬೇಕು. ಬಿಲ್ಲಿಲ್ಲದೆ ಕಡಿಮೆಗೆ ಕೊಡುವೆನೆಂಬ ಅಂಗಡಿಯಲ್ಲಿ ಡಿಸ್ಕನ್ನಾಗಲಿ ಬ್ಯಾಟರಿಯನ್ನಾಗಲಿ ಕೊಳ್ಳದಿರುವುದೇ ಒಳಿತು.

ಅಂಗಗಳು ನೆಟ್ಟಗಾದರೂ ತಂತ್ರಾಂಶದ ಪ್ರಶ್ನೆ ಉಳಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಸೌಕರ್ಯವನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅದಕ್ಕೂ ಈಚಿನ ಪ್ರೊಸೆಸರನ್ನೂ ಅಪೇಕ್ಷಿಸುತ್ತದೆ. ಸುಸ್ಥಿತಿಯಲ್ಲಿರುವ ಯಂತ್ರವು ಈ ಒಂದು ನಿಯಮದಿಂದ ಮೂಲೆಗೆ ಬೀಳುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅಂಥ ಯಂತ್ರಗಳಿಗೆ ಲಿನಕ್ಸ್ ಮಿಂಟ್ ಮುಂತಾದ ಉಚಿತ ವ್ಯವಸ್ಥೆಗಳು ಆಶ್ರಯವಾಗಿವೆ: ಪತ್ರ ಬರೆಯುವುದು, ಲೆಕ್ಕ ಇಡುವುದು, ಅಂತರ್ಜಾಲ ನೋಡುವುದು ಇಷ್ಟೇ ಕೆಲಸವಿದ್ದವರಿಗೆ ಕೊರತೆಯೇನೂ ತೋರದು, ಕನ್ನಡ ಕೀಲಿಮಣೆಯೂ ಅವುಗಳಲ್ಲಿ ಲಭ್ಯ. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಒಪ್ಪಿಗೆಯಾದ ಮೇಲೆ ಸ್ಥಾಪಿಸಿಕೊಳ್ಳುವ ಅವಕಾಶವೂ ಇದೆ.

ಫೋನಿನಲ್ಲಿ ಇಷ್ಟು ಸ್ವಾತಂತ್ರ್ಯವಿಲ್ಲ. ಬ್ಯಾಟರಿ, ಪರದೆ, ಚಾರ್ಜಿಂಗ್ ಕಿಂಡಿ ಇವನ್ನು ಬದಲಿಸಿಕೊಳ್ಳಬಹುದೇ ಹೊರತು ರ‍್ಯಾಮನ್ನಾಗಲಿ ಒಳಗಿನ ಸಂಗ್ರಹವನ್ನಾಗಲಿ ಹೆಚ್ಚಿಸಿಕೊಳ್ಳಲಾಗದು. ಹೊಸ ಫೋನನ್ನು ಕೊಳ್ಳಲೇಬೇಕಾದವರು ಕ್ಯಾಮೆರಾದ ಅಂಕಿಗಿಂತ ಮೊದಲು ಅದಕ್ಕೆ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಬರುವುದೆಂದು ವಿಚಾರಿಸಲಿ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಫೋನುಗಳಿಗೆ ತಯಾರಕರು ಏಳು ವರ್ಷಗಳ ಭರವಸೆಯನ್ನು ಕೊಟ್ಟಿದ್ದಾರೆ.

ಲ್ಯಾಪ್‌ಟಾಪಿನ ಮದರ್‌ಬೋರ್ಡೇ ಕೆಟ್ಟಿದ್ದರೆ, ಅಥವಾ ದುರಸ್ತಿಯ ಒಟ್ಟು ವೆಚ್ಚವು ಹೊಸ ಯಂತ್ರದ ಬೆಲೆಯ ಅರ್ಧವನ್ನು ಮುಟ್ಟುವಂತಿದ್ದರೆ, ಹಳೆಯದನ್ನು ಬಿಟ್ಟುಕೊಡುವುದೇ ವಿವೇಕ. ಆಗ ಹೊಸದನ್ನು ಕೊಳ್ಳಹೋದವರು ಅಂಗಡಿಯವನನ್ನು ಒಂದು ಮಾತು ಕೇಳದೆ ಹಣ ತೆರಬಾರದು: ಇದರ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆಯೇ, ಇಲ್ಲ, ಮುಂದೆ ಬದಲಿಸಿಕೊಳ್ಳಲು ಸ್ಲಾಟ್ ಇದೆಯೇ? ತೀರ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ಆ ಸ್ಲಾಟ್ ಇರುವುದಿಲ್ಲ.