ಕೊಬ್ಬರಿ ಸೀಮೆಯಲ್ಲಿ ಲೋಹದ ಪಾಠ

ತಿಪಟೂರೆಂದರೆ ಕೊಬ್ಬರಿ. ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಒಣಗಿದ ಕಾಯಿಯನ್ನು ಸುಲಿದು, ಮಚ್ಚಿನಿಂದ ಹದವಾಗಿ ತಟ್ಟಿ ಚಿಪ್ಪು ಬಿಡಿಸಿದರೆ ಉಂಡೆ ಕೊಬ್ಬರಿ ಇಡಿಯಾಗಿ ಕೈಗೆ ಬರುತ್ತದೆ. ಊರಿನ ಮಾತೆಲ್ಲ ಅದರ ದರದ ಮೇಲೆಯೇ. ಪಕ್ಕಕ್ಕೆ ಬಿದ್ದ ಚಿಪ್ಪಿನ ಕಥೆ ಮಾತ್ರ ಚಿನ್ನದ ಗಣಿಯವರೆಗೂ ಹೋಗುತ್ತದೆ.

ಗಾಳಿ ಹೆಚ್ಚು ಆಡದಂತೆ ಸುಟ್ಟರೆ ಸುಮಾರು ಮೂರು ಟನ್ ಚಿಪ್ಪಿಗೆ ಒಂದು ಟನ್ ಇದ್ದಿಲು. ಕಾರ್ಖಾನೆಯಲ್ಲಿ 900 ಡಿಗ್ರಿ ಆಸುಪಾಸಿನ ಹಬೆ ಹಾಯಿಸಿದಾಗ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ತೆರೆದು ಆಕ್ಟಿವೇಟೆಡ್ ಕಾರ್ಬನ್ ಸಿದ್ಧವಾಗುತ್ತದೆ. ಗಣಿಯಲ್ಲಿ ಅದಿರನ್ನು ನುಣ್ಣಗೆ ಅರೆದು ಸಯನೈಡ್ ದ್ರಾವಣಕ್ಕೆ ಹಾಕುತ್ತಾರೆ. ಕರಗಿದ ಚಿನ್ನ ಈ ಕರಿಕಾಳಿಗೆ ಅಂಟಿಕೊಳ್ಳುತ್ತದೆ. ಮೆದು ಇದ್ದಿಲಾದರೆ ಆ ಕೆಸರಿನಲ್ಲಿ ಉಜ್ಜಿ ಪುಡಿಯಾಗಿ, ಅಂಟಿದ ಚಿನ್ನವನ್ನೂ ಕೊಚ್ಚಿಕೊಂಡು ಹೋದೀತು. ತೆಂಗಿನ ಚಿಪ್ಪಿನದು ಗಟ್ಟಿ, ಸವೆಯುವುದು ಕಡಿಮೆ. 1973ರಲ್ಲಿ ಅಮೆರಿಕದ ಹೋಮ್‌ಸ್ಟೇಕ್ ಗಣಿ ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿತು.

ಮಚ್ಚಿನದೂ ಲೋಹವಿದ್ಯೆಯೇ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಅಲಗನ್ನು ಥಟ್ಟನೆ ಅದ್ದಿದರೆ ಉಕ್ಕು ಗಡುಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಚಿಪ್ಪಿಗೆ ತಗುಲಿದ ಕೂಡಲೇ ಬಾಯಿ ಮುಕ್ಕಾದೀತು. ಮತ್ತೆ ಮೆಲ್ಲಗೆ ಬಿಸಿ ಮಾಡಬೇಕು. ಉಜ್ಜಿದ ಅಲಗಿನ ಮೇಲೆ ಹುಲ್ಲಿನ ತಿಳಿಹಳದಿ ಹರಿದು ಕಂದಿಗೆ ತಿರುಗುವ ಹೊತ್ತಿಗೆ ಹದ ಬಂತೆಂದು ಅರ್ಥ. ಕಾಲೇಜಿನಲ್ಲಿ ಇದನ್ನೇ ಟೆಂಪರಿಂಗ್ ಎಂದು ಪಾಠ ಮಾಡುತ್ತಾರೆ.

ತುರುವೇಕೆರೆಯ ತೋಟಗಳನ್ನು ಬಿಟ್ಟು ಚಿಕ್ಕನಾಯಕನಹಳ್ಳಿ ಕಡೆ ಹೊರಟರೆ ಎದುರಾಗುವ ಗುಡ್ಡಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಇವೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಭಾಗದ ಕಬ್ಬಿಣದ ಬಗ್ಗೆ ಬರೆದಿಟ್ಟಿದ್ದಾನೆ. ಇನ್ನೂರು ವರ್ಷಗಳ ಬಳಿಕ ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ತೆಂಗಿನ ಗರಿಯ ಮೇಲೆ ಕೂತಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೆ ತಡೆ ಹಾಕಿತು. 2013ರ ಏಪ್ರಿಲ್ ತೀರ್ಪು ಷರತ್ತಿನ ಮೇಲೆ ಕೆಲವಕ್ಕೆ ದಾರಿ ಬಿಟ್ಟು, ಅಕ್ರಮ ಹೆಚ್ಚಾಗಿದ್ದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು.

ಹೀಗೆ ಅದಿರು, ಇದ್ದಿಲು, ಕುಲುಮೆ ಮೂರೂ ಇರುವ ಸೀಮೆಯ ಮಕ್ಕಳು ಲೋಹವಿದ್ಯೆಯ ಪದವಿಗೆ ಊರು ಬಿಡಲೇಬೇಕು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೆಟಲರ್ಜಿ ವಿಭಾಗವಿದೆ. ಅಲ್ಲಿ ಬಿ.ಟೆಕ್‌ನ ಅರ್ಧ ಸೀಟು ರಾಜ್ಯದಲ್ಲೇ ಪಿಯುಸಿ ಮುಗಿಸಿದವರಿಗೆ. ಆದರೆ ಬರೆಯಬೇಕಾದದ್ದು ಜೆಇಇ ಮೇನ್, ಸಿಇಟಿ ಅಲ್ಲ.